ಗೇಣಿದಾರ ಯಾರೆಂದು ಹೇಳುವ ಅಧಿಕಾರ ಯಾರದು?

ಸೊರಬ ಮತ್ತು ಶಿಕಾರಿಪುರ ಸೀಮೆಯ ಗದ್ದೆ ತೋಟಗಳ ಮಟ್ಟಿಗೆ ಕಳೆದ ಶತಮಾನದ ದೊಡ್ಡ ಕಾನೂನು ಪ್ರಶ್ನೆ ಗೇಣಿದಾರ ಯಾರು ಎಂಬುದಾಗಿತ್ತು. ಅದನ್ನು ತೀರ್ಮಾನಿಸಬೇಕಾದದ್ದು ಸರ್ಕಾರ ನೇಮಿಸಿದ ಮಂಡಳಿಯೋ ನ್ಯಾಯಾಲಯವೋ ಎಂಬ ಎರಡನೆಯ ಪ್ರಶ್ನೆ ಅದರ ಬೆನ್ನಿಗೇ ಹುಟ್ಟಿಕೊಂಡಿತು.

ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಕಿಡಿ ಭತ್ತ ಅಳೆಯುವ ಕೊಳಗದಲ್ಲಿತ್ತು. ಗೇಣಿಯೆಂದರೆ ಉಳುವವನು ಒಡೆಯನಿಗೆ ಕೊಡುವ ಫಸಲಿನ ಪಾಲು. ಒಡೆಯರು ಗೇಣಿ ವಸೂಲಿಗೆ ದೊಡ್ಡ ಕೊಳಗ ಬಳಸುತ್ತಾರೆಂಬುದು ದೀವರ ಸಮುದಾಯದ ಗೇಣಿದಾರರ ದೂರಾಗಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಈ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಆ ಕಾಲದ ಗೇಣಿ ಬಹುಪಾಲು ಬಾಯಿಮಾತಿನದಾಗಿದ್ದು, ಕಾಗದದ ಆಧಾರವಿಲ್ಲದ ಆ ಸಂಬಂಧವೇ ಮುಂದಿನ ವ್ಯಾಜ್ಯಗಳಿಗೆಲ್ಲ ಮೂಲವಾಯಿತು.

1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಗೇಣಿದಾರನ ಪಾಲಿಗೆ ಅದು ಹೆಚ್ಚು ಫಲ ಕೊಡಲಿಲ್ಲ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯ ಮೂಲಕ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವೆಂದು ಸಾರಲಾಯಿತು. ಉಳುತ್ತಿದ್ದವನು ಫಾರಂ 7 ಎಂಬ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು, ಅಂದರೆ ಆ ಭೂಮಿಯ ಒಡೆತನ, ಪಡೆಯಬೇಕಿತ್ತು. ಅರ್ಜಿಯ ಗಡುವು ಬೆಳೆಯುತ್ತಾ 1979ರ ಜೂನ್ 30ರವರೆಗೂ ಹೋಯಿತು. ವಿಚಾರಣೆಗಾಗಿ ಅಸಿಸ್ಟೆಂಟ್ ಕಮಿಷನರ್ ದರ್ಜೆಯ ಅಧಿಕಾರಿಯ ಅಧ್ಯಕ್ಷತೆಯಲ್ಲಿ, ನಾಲ್ವರು ನಾಮನಿರ್ದೇಶಿತ ಸದಸ್ಯರಿದ್ದ ಭೂ ನ್ಯಾಯಮಂಡಳಿಗಳು ರೂಪುಗೊಂಡವು. ಗೇಣಿದಾರ ಹೌದೇ ಅಲ್ಲವೇ ಎಂಬ ಪ್ರಶ್ನೆ ಸಿವಿಲ್ ನ್ಯಾಯಾಲಯದ ಮುಂದೆ ಎದ್ದರೂ ಅದನ್ನು ಮಂಡಳಿಗೇ ಕಳುಹಿಸಬೇಕೆಂದು 133ನೆಯ ಕಲಮು ವಿಧಿಸಿತು.

ಮಂಡಳಿಯ ಮುಂದೆ ಪಹಣಿಯ, ಅಂದರೆ ಸರ್ಕಾರಿ ಭೂದಾಖಲೆಯ, ಸಾಗುವಳಿದಾರರ ಕಾಲಂ, ಸಿಕ್ಕರೆ ಗೇಣಿಯ ರಶೀದಿ, ಇಲ್ಲದಿದ್ದರೆ ಪಕ್ಕದ ಗದ್ದೆಯವನ ಸಾಕ್ಷಿ, ಇವೇ ಆಧಾರ. ಪಹಣಿಯಲ್ಲಿ ಒಡೆಯನ ಹೆಸರೇ ಸಾಗುವಳಿದಾರನೆಂದು ನಮೂದಾಗಿದ್ದರೆ ಉಳುವವನ ಪಾಡು ಕಷ್ಟ. ವಕೀಲರು ಮಂಡಳಿಯ ಮುಂದೆ ಹಾಜರಾಗಕೂಡದೆಂದು 48ನೆಯ ಕಲಮಿನ 8ನೆಯ ಉಪಕಲಮು ಹೇಳುತ್ತಿತ್ತು. ಬಡವನು ವಕೀಲರ ವಾದಕ್ಕೆ ಸೋಲಬಾರದೆಂಬ ಕಾಳಜಿ ಇದರ ಹಿಂದಿತ್ತೆಂದು ಊಹಿಸಬಹುದಾದರೂ, ಊರಿನ ಪ್ರಭಾವಿಗಳ ಮುಂದೆ ಬಾಯಿ ಬಾರದವನಿಗೆ ಅದು ಎಷ್ಟು ರಕ್ಷಣೆ ನೀಡಿತೆಂಬುದು ಸಂಶಯದ ಮಾತೇ. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯ ಮುಖ್ಯ ಭಾಗವನ್ನು ಎತ್ತಿಹಿಡಿದು, ವಕೀಲರ ಮೇಲಿನ ಈ ನಿಷೇಧವನ್ನು ಮಾತ್ರ, ಅದು ರಾಜ್ಯ ಶಾಸಕಾಂಗದ ಅಧಿಕಾರವ್ಯಾಪ್ತಿಗೆ ಮೀರಿದ್ದೆಂಬ ಕಾರಣಕ್ಕೆ, ಬದಿಗೆ ಸರಿಸಿತು.

ಆಡಳಿತ ಮಂಡಳಿಯ ಮಾತಿಗೆ ನ್ಯಾಯಾಲಯ ಎಷ್ಟು ಮನ್ನಣೆ ಕೊಡಬೇಕೆಂಬ ಚರ್ಚೆ ಅಮೆರಿಕದಲ್ಲೂ ಹಳೆಯದು. ಅಸ್ಪಷ್ಟ ಕಾಯ್ದೆಗೆ ಸರ್ಕಾರಿ ಸಂಸ್ಥೆ ಕೊಡುವ ಸಮಂಜಸ ಅರ್ಥವನ್ನು ನ್ಯಾಯಾಲಯ ಒಪ್ಪಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1984ರ ಶೆವ್ರಾನ್ ತೀರ್ಪಿನಲ್ಲಿ ಹೇಳಿತ್ತು. 2024ರ ಲೋಪರ್ ಬ್ರೈಟ್ ತೀರ್ಪಿನಲ್ಲಿ ಅದನ್ನೇ ತಳ್ಳಿಹಾಕಿತು. ಅಲ್ಲಿನ ತಕರಾರು ಕಾಯ್ದೆಯ ಅರ್ಥದ್ದಾದರೆ ಇಲ್ಲಿನದು ಗದ್ದೆಗಿಳಿದವರಾರೆಂಬ ವಾಸ್ತವಾಂಶದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು.

ಮಂಡಳಿಯ ಆದೇಶದ ವಿರುದ್ಧ ಮೊದಮೊದಲು ಮೇಲ್ಮನವಿಗೆ ದಾರಿಯಿಲ್ಲದೆ, ಸೋತವರು ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಿತ್ತು. 1986ರ ತಿದ್ದುಪಡಿಯಿಂದ ಬಂದ ಮೇಲ್ಮನವಿ ಪ್ರಾಧಿಕಾರ 1990ರಲ್ಲಿ ರದ್ದಾಗಿ, ವ್ಯಾಜ್ಯ ಮತ್ತೆ ಹೈಕೋರ್ಟಿನ ಬಾಗಿಲಿಗೇ ಬಂತು. ಈಗಿನ ತಕರಾರು ಒಡೆಯನಿಗಿಂತ ಹೆಚ್ಚಾಗಿ ಗೇಣಿದಾರನ ಮನೆಯೊಳಗಿನದು: ಫಾರಂ 7ಕ್ಕೆ ಸಹಿ ಹಾಕಿದ ಅಣ್ಣ ತನ್ನೊಬ್ಬನಿಗಾಗಿ ಹಕ್ಕು ಪಡೆದನೋ, ಇಡೀ ಅವಿಭಕ್ತ ಕುಟುಂಬದ ಪರವಾಗಿ ಪಡೆದನೋ ಎಂದು ಪಾಲು ವಿಭಾಗದ ದಾವೆಗಳಲ್ಲಿ ಆ ಹಳೆಯ ಅರ್ಜಿ ಮತ್ತೆ ಹೊರಬರುತ್ತದೆ.