ಎಂಜಿನ್ ಬಿಸಿಯಾದಾಗ ಮೊದಲು ನೀರಿನ ದಾರಿ ನೋಡಿ



ಉರ್ದು, ಕನ್ನಡ ಪಾಠ ಹೇಳುವವರಿಗೂ ಬೋಟಿನ ಎಂಜಿನ್‌ಗೂ ಏನು ಸಂಬಂಧ ಎಂದು ತಮಗೆ ಅನಿಸಬಹುದು. ನನ್ನ ತರಗತಿಯಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ತಂದೆ, ಅಣ್ಣಂದಿರು ಮೀನುಗಾರಿಕೆಗೆ ಹೋಗುವವರು. ಎಸ್ಸೆಸ್ಸೆಲ್ಸಿ ಮುಗಿಸಿ ತಾವೇ ಎಂಜಿನ್ ಕೋಣೆಗೆ ಇಳಿಯುವ ಹುಡುಗರೂ ಇದ್ದಾರೆ. ಎಂಜಿನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿರುತ್ತದೆ, ಯಾರೂ ಬಿಚ್ಚುವುದಿಲ್ಲ. ಅದರಲ್ಲಿರುವ ಒಂದು ವಿಷಯವನ್ನಾದರೂ ಕನ್ನಡದಲ್ಲಿ ಹೇಳೋಣ ಎಂಬುದು ನನ್ನ ಉದ್ದೇಶ.

ಉರ್ದುವಿನಲ್ಲಿ ಮರ್ಜ್ ಬೇರೆ, ಅಲಾಮತ್ ಬೇರೆ. ಮೊದಲನೆಯದು ರೋಗ, ಎರಡನೆಯದು ರೋಗದ ಲಕ್ಷಣ. ಎಂಜಿನ್ ಬಿಸಿಯಾಗುವುದು ಲಕ್ಷಣ ಮಾತ್ರ. ಆದರೆ ನಮ್ಮಲ್ಲಿ ಹೆಚ್ಚಿನವರು ಲಕ್ಷಣಕ್ಕೇ ಮದ್ದು ಮಾಡುತ್ತಾರೆ. ನೀರು ಸುರಿಯುತ್ತಾರೆ, ತಣ್ಣಗಾಗುವವರೆಗೆ ಕಾಯುತ್ತಾರೆ, ಮತ್ತೆ ಸ್ಟಾರ್ಟ್ ಮಾಡುತ್ತಾರೆ. ದಡದಲ್ಲಿ ಲಾರಿ ನಿಂತರೆ ರಸ್ತೆ ಬದಿಯಲ್ಲಿ ಕುಳಿತುಕೊಳ್ಳಬಹುದು. ಕಡಲಿನಲ್ಲಿ ಎಂಜಿನ್ ನಿಂತರೆ ಬೋಟು ಗಾಳಿ ಎಳೆದತ್ತ ಹೋಗುತ್ತದೆ, ಒಳಗಿರುವವರೂ ಅದರ ಜೊತೆ ಹೋಗುತ್ತಾರೆ.

ಡೀಸೆಲ್ ಉರಿದಾಗ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಪ್ರೊಪೆಲ್ಲರ್ ತಿರುಗಿಸಲು ಸಿಗುತ್ತದೆ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದಷ್ಟನ್ನು ನೀರು ಹೊತ್ತುಕೊಂಡು ಹೋಗಬೇಕು. ಬೋಟಿನ ಬಹಳಷ್ಟು ಎಂಜಿನ್‌ಗಳಲ್ಲಿ ಇದಕ್ಕೆ ಎರಡು ದಾರಿಗಳಿವೆ. ಒಂದು ಸಿಹಿನೀರಿನದು. ಅದು ಎಂಜಿನ್ ಒಳಗೇ ಸುತ್ತುತ್ತಿರುತ್ತದೆ. ಇನ್ನೊಂದು ಉಪ್ಪುನೀರಿನದು. ಅದು ಬೋಟಿನ ತಳದ ವಾಲ್ವಿನಿಂದ ಒಳಗೆ ಬಂದು, ಸ್ಟ್ರೇನರ್ ಎಂಬ ಜಾಲರಿ ದಾಟಿ, ಪಂಪಿನ ಮೂಲಕ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗಿ, ಅಲ್ಲಿ ಸಿಹಿನೀರಿನ ಶಾಖವನ್ನು ತೆಗೆದುಕೊಂಡು ಹೊರಗೆ ಬೀಳುತ್ತದೆ. ಎರಡು ನೀರೂ ಒಂದರ ಪಕ್ಕ ಒಂದು ಹರಿಯುತ್ತವೆ, ಬೆರೆಯುವುದಿಲ್ಲ.

ಆದ್ದರಿಂದ ಗೇಜ್ ಮುಳ್ಳು ಏರಿದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಬೋಟಿನ ಬದಿಗೆ ಹೋಗಿ ಬಗ್ಗಿ ನೋಡಿ. ಎಂದಿನಷ್ಟು ನೀರು ಹೊರಗೆ ಬೀಳುತ್ತಿದೆಯೇ? ಈ ಒಂದು ಪ್ರಶ್ನೆಯಿಂದಲೇ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ನೀರು ಬೀಳುತ್ತಿಲ್ಲ ಅಥವಾ ಸಣ್ಣಗೆ ಬೀಳುತ್ತಿದೆ ಎಂದರೆ ದೋಷ ಉಪ್ಪುನೀರಿನ ದಾರಿಯಲ್ಲಿದೆ. ತಳದಿಂದ ಶುರುಮಾಡಿ. ವಾಲ್ವ್ ಪೂರ್ತಿ ತೆರೆದಿದೆಯೇ? ಬಾಯಿಗೆ ಪ್ಲಾಸ್ಟಿಕ್ ಅಂಟಿಕೊಂಡಿದೆಯೇ? ಈಗಿನ ಬಂದರುಗಳ ನೀರಿನಲ್ಲಿ ಪ್ಲಾಸ್ಟಿಕ್ಕಿಗೆ ಬರವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನಂತರ ಸ್ಟ್ರೇನರ್ ನೋಡಿ. ತೊಳೆದು ಮುಚ್ಚುವಾಗ ಅದರ ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೆ ಪಂಪ್ ನೀರಿನ ಬದಲು ಗಾಳಿ ಎಳೆಯುತ್ತದೆ. ಆಮೇಲೆ ಪಂಪಿನ ಇಂಪೆಲ್ಲರ್. ಇದು ರಬ್ಬರಿನ ಎಸಳುಗಳಿರುವ ಚಕ್ರ. ನೀರೇ ಇದರ ಎಣ್ಣೆ, ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಹರಿದುಹೋಗುತ್ತದೆ. ಹೊಸದನ್ನು ಹಾಕಿ ಮುಚ್ಚಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಹಳೆಯದರ ಎಸಳುಗಳನ್ನು ಎಣಿಸಿ. ಎರಡು ಕಡಿಮೆ ಇದ್ದರೆ ಆ ಎರಡು ತುಂಡುಗಳು ಮುಂದಿನ ಪೈಪಿನಲ್ಲೋ ಎಕ್ಸ್‌ಚೇಂಜರಿನ ಬಾಯಲ್ಲೋ ಕುಳಿತಿವೆ. ಅವನ್ನು ತೆಗೆಯದಿದ್ದರೆ ಅದೇ ರೋಗ ಮರಳಿ ಬರುತ್ತದೆ, ಬೈಗುಳ ಮಾತ್ರ ಹೊಸ ಇಂಪೆಲ್ಲರಿಗೆ.

ನಮ್ಮ ಕರಾವಳಿಯಲ್ಲಿ ಈ ಇಂಪೆಲ್ಲರ್ ವಿಷಯಕ್ಕೆ ವಿಶೇಷ ಮಹತ್ವವಿದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಷ್ಟೂ ದಿನ ಇಂಪೆಲ್ಲರಿನ ಎಸಳುಗಳು ಒಂದೇ ಕಡೆ ಬಾಗಿ ಕುಳಿತು ಗಟ್ಟಿಯಾಗುತ್ತವೆ. ನೀರಿನಲ್ಲೇ ಕಟ್ಟಿದ ಬೋಟಿನ ತಳದ ಬಾಯಲ್ಲಿ ಚಿಪ್ಪುಗಳು ಬೆಳೆಯುತ್ತವೆ. ಆಗಸ್ಟ್ ಒಂದರಂದು ಎಲ್ಲರಿಗೂ ಮೊದಲು ಹೊರಡುವ ಅವಸರ. ಮೇ ಕೊನೆಯಲ್ಲೇ ಇಂಪೆಲ್ಲರ್ ಬಿಚ್ಚಿ ಇಟ್ಟು, ಹೊರಡುವ ಮುಂಚೆ ನೋಡಿ ಹಾಕಿದರೆ ಹತ್ತಿಪ್ಪತ್ತು ನಿಮಿಷದ ಕೆಲಸ.

ಇನ್ನು ನೀರು ಚೆನ್ನಾಗಿ ಬೀಳುತ್ತಿದೆ, ಆದರೂ ಎಂಜಿನ್ ಬಿಸಿ ಎಂದಾದರೆ? ಹೊರಬೀಳುವ ನೀರಿನ ಬಿಸಿ ನೋಡಿ. ಎಂಜಿನ್ ಕುದಿಯುತ್ತಿದ್ದು ಆ ನೀರು ಮಾತ್ರ ತಣ್ಣಗಿದ್ದರೆ ಶಾಖ ಅದಕ್ಕೆ ತಲುಪುತ್ತಲೇ ಇಲ್ಲ ಎಂದರ್ಥ. ಸಿಹಿನೀರು ಕಡಿಮೆಯಾಗಿರಬಹುದು, ಪಂಪಿನ ಬೆಲ್ಟ್ ಸಡಿಲವಾಗಿರಬಹುದು, ಥರ್ಮೋಸ್ಟಾಟ್ ತೆರೆಯದಿರಬಹುದು, ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಉಪ್ಪು, ಸುಣ್ಣದ ಪದರ ಕಟ್ಟಿರಬಹುದು. ಅದರೊಳಗಿನ ಸತುವಿನ ಕಡ್ಡಿ ತಾನು ಸವೆದು ಉಳಿದ ಲೋಹವನ್ನು ಕಾಯುತ್ತದೆ. ಅರ್ಧ ಸವೆದಾಗಲೇ ಬದಲಿಸಬೇಕು, ಇಲ್ಲದಿದ್ದರೆ ಅದರ ಚೂರುಗಳೇ ದಾರಿಗೆ ಅಡ್ಡ ಬರುತ್ತವೆ.

ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. "ಅದನ್ನು ಕಿತ್ತು ಬಿಸಾಡಿ, ಎಂಜಿನ್ ತಣ್ಣಗಿರುತ್ತದೆ" ಎಂಬ ಸಲಹೆಯನ್ನು ಧಕ್ಕೆಯಲ್ಲಿ ಎಲ್ಲರೂ ಕೊಡುತ್ತಾರೆ. ಇದು ತಪ್ಪು. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರು ಎಕ್ಸ್‌ಚೇಂಜರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಶಾಖ ಹೆಚ್ಚಾಗುವುದೂ ಉಂಟು. ಬೇರೆ ಎಂಜಿನ್‌ಗಳಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಪರೀಕ್ಷಿಸುವುದು ಸುಲಭ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಒಲೆಯ ಮೇಲೆ ಕಾಯಿಸಿ. ಅದರ ಮೇಲೆ ಕೆತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕು. ಇದಕ್ಕೆ ಬೇಕಾದದ್ದು ಒಂದು ಥರ್ಮಾಮೀಟರ್, ಅದು ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿದೆ.

ಓಡುವಾಗ ಸರಿಯಿದ್ದು, ಬಲೆ ಎಳೆಯುವಾಗ ಮಾತ್ರ ಬಿಸಿಯಾಗಿ ಕಪ್ಪು ಹೊಗೆ ಬಂದರೆ ಭಾರ ಹೆಚ್ಚಾಗಿದೆ. ಪ್ರೊಪೆಲ್ಲರಿಗೆ ಹಗ್ಗ, ಬಲೆಯ ತುಂಡು ಸುತ್ತಿದೆಯೇ ನೋಡಿ. ಸಿಹಿನೀರಿನ ಟ್ಯಾಂಕಿನಲ್ಲಿ ಗುಳ್ಳೆಗಳು ಏಳುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಗ ಮೆಕ್ಯಾನಿಕ್ ಬರುವ ತನಕ ಸ್ಟಾರ್ಟ್ ಮಾಡಬಾರದು.

ಕಡಲಿನ ಮಧ್ಯೆ ಹೀಗಾದರೆ ಮಾಡಬೇಕಾದದ್ದೇನು? ಉಪ್ಪುನೀರು ಬೀಳುವುದೇ ನಿಂತಿದ್ದರೆ ಎಂಜಿನ್ ನಿಲ್ಲಿಸಿ. ನೀರು ಬೀಳುತ್ತಿದ್ದರೆ ಭಾರ ಇಳಿಸಿ, ಮೆಲ್ಲಗೆ ಓಡಲು ಬಿಟ್ಟು ಮುಳ್ಳು ಇಳಿಯುತ್ತದೆಯೇ ನೋಡಿ, ಇಳಿಯದಿದ್ದರೆ ನಿಲ್ಲಿಸಿಬಿಡಿ. ಬಿಸಿ ಇರುವಾಗ ಟ್ಯಾಂಕಿನ ಮುಚ್ಚಳ ತೆರೆಯಲೇಬೇಡಿ. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಬೋಟು ತೇಲತೊಡಗಿದ್ದರೆ ನಾಚಿಕೆ ಬಿಟ್ಟು ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ಕರೆಯಿರಿ. ಮೊಬೈಲ್ ಸಿಗ್ನಲ್ ಇರುವಷ್ಟು ದಡ ಹತ್ತಿರವಿದ್ದರೆ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ.

ವಿದ್ಯಾರ್ಥಿಗಳೇ, ಈ ಕೆಲಸವನ್ನು ಕ್ರಮವಾಗಿ ಕಲಿಯುವ ಮನಸ್ಸಿದ್ದರೆ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗವಿದೆ. 1963ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಸಿಫ್ನೆಟ್ ಸಂಸ್ಥೆಯಲ್ಲಿ ಹತ್ತನೇ ತರಗತಿ ಪಾಸಾದವರಿಗೆ ಮರೈನ್ ಫಿಟ್ಟರ್ ತರಬೇತಿ ಕೊಡುತ್ತಾರೆ. ಗಣಿತ, ವಿಜ್ಞಾನದ ಅಂಕಗಳನ್ನು ನೋಡುತ್ತಾರೆ, ಆ ಪಾಠಗಳಿಗೆ ಈಗಲೇ ಗಮನ ಕೊಡಿ.

ಬೋಟಿಗೆ ಹೋಗುವ ಮನೆಯವರಿಗೆ ಇಂದು ಸಂಜೆಯೇ ಒಂದು ಮಾತು ಹೇಳಿ. ಒಂದು ಇಂಪೆಲ್ಲರ್, ಒಂದು ಬೆಲ್ಟ್, ಒಂದು ಥರ್ಮೋಸ್ಟಾಟ್, ಬೇಕಾದ ಗ್ಯಾಸ್ಕೆಟ್, ಎರಡು ಕ್ಯಾನ್ ಸಿಹಿನೀರು ಬೋಟಿನಲ್ಲಿ ಯಾವಾಗಲೂ ಇರಲಿ. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ದಿನಾ ಒಂದೇ ವೇಗದಲ್ಲಿ ಓಡುವಾಗ ಗೇಜ್ ಎಷ್ಟು ತೋರಿಸುತ್ತದೆ ಎಂದು ಬರೆದಿಡಲಿ. ನಿನ್ನೆ 80 ಇದ್ದದ್ದು ಇಂದು 84, ನಾಡಿದ್ದು 88 ಎಂದು ಕಂಡರೆ, ಎಂಜಿನ್ ಕುದಿಯುವ ಮುಂಚೆಯೇ, ಬೋಟು ಧಕ್ಕೆಯಲ್ಲಿರುವಾಗಲೇ, ಸ್ಟ್ರೇನರ್ ಬಿಚ್ಚಿ ನೋಡಬಹುದು.