1976ರ ಆ ಕಾಗದ



ಇಪ್ಪತ್ತು ನಿಮಿಷ ಮೀರಬೇಡಿ ಎಂದು ಸಂಚಾಲಕರು ಆಗಲೇ ಕಿವಿಯಲ್ಲಿ ಹೇಳಿದ್ದಾರೆ. ಹಾಗಾಗಿ ಈ ಕ್ಷೇತ್ರದಲ್ಲಿ ಯಾರು ಏನು ಬರೆದರು ಎಂಬ ಪಟ್ಟಿಗೆ ಕೈ ಹಾಕುವುದಿಲ್ಲ. ಪೇಟೆಂಟ್ ಕಾನೂನಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಮುಂದಿನ ಸಾಲಿನಲ್ಲಿರುವ ಮೇಡಂ ಬರೆದಿದ್ದಾರೆ. ಔಷಧ ಬೆಲೆಯ ಲೆಕ್ಕಾಚಾರ ಗೊತ್ತಿರುವವರು ಅವರ ಪಕ್ಕದಲ್ಲೇ ಇದ್ದಾರೆ. ನನ್ನದೊಂದು ಹಳೆಯ ತಕರಾರು. ಇಲ್ಲಿರುವ ಅರ್ಧ ಜನ ಅದನ್ನು ಕೇಳಿ ಕೇಳಿ ಬೇಸತ್ತಿದ್ದೀರಿ, ಕ್ಷಮೆಯಿರಲಿ.

ವೈದ್ಯಕೀಯ ಸಂಶೋಧನೆಯನ್ನು ಮಾರುಕಟ್ಟೆಗೆ ತಲುಪಿಸುವ ಸಂಸ್ಥೆಗಳ ಚರಿತ್ರೆಯನ್ನು ನಾವು ಜಮಾಖರ್ಚಿನ ಪುಸ್ತಕ ಮಾಡಿಬಿಟ್ಟಿದ್ದೇವೆ. ಯಾವ ಪೇಟೆಂಟ್ ಸಿಕ್ಕಿತು, ಯಾವುದು ಕೈತಪ್ಪಿತು, ಅಷ್ಟೇ. ನಡುವೆ ಕೂತು ಯಾರು ಏನು ಮಾಡಿದರು ಎಂಬುದು ಪುಟದಿಂದಲೇ ಮಾಯ.

ಬ್ರಿಟನ್ನಿನ ನ್ಯಾಷನಲ್ ರಿಸರ್ಚ್ ಡೆವಲಪ್‌ಮೆಂಟ್ ಕಾರ್ಪೊರೇಷನ್ನನ್ನೇ ನೋಡಿ. ಪೆನಿಸಿಲಿನ್ ಕಂಡದ್ದು ಇಂಗ್ಲೆಂಡಿನಲ್ಲಿ, ತಯಾರಿಕೆಯ ಪೇಟೆಂಟ್ ಹೋದದ್ದು ಅಮೆರಿಕಕ್ಕೆ. ಆ ಹೊಟ್ಟೆಯುರಿಯ ನೆನಪು ಹಸಿಯಾಗಿದ್ದಾಗಲೇ, 1948ರ ಕಾಯ್ದೆಯಿಂದ ಈ ಸರ್ಕಾರಿ ನಿಗಮ ಹುಟ್ಟಿತು. ಅದೇ ಹೆಸರಿನ ನಮ್ಮ ನಿಗಮ ದೆಹಲಿಯಲ್ಲಿ ಶುರುವಾದದ್ದು 1953ರಲ್ಲಿ.

ಬ್ರಿಟಿಷ್ ನಿಗಮದ ದೊಡ್ಡ ಗಳಿಕೆ ಬಂದದ್ದು ಚರಂಡಿಯಿಂದ. ತಮಾಷೆಯಲ್ಲ. ಸಾರ್ಡೀನಿಯಾದ ಕಾಲ್ಯಾರಿ ಪಟ್ಟಣದ ಕೊಳಚೆ ಸಮುದ್ರ ಸೇರುವ ಕಡೆ, 1945ರಲ್ಲಿ ಜುಸೆಪ್ಪೆ ಬ್ರೋಟ್ಸು ಒಂದು ಬೂಷ್ಟನ್ನು ಹಿಡಿದರು. ಅದು ಟೈಫಾಯ್ಡ್ ರೋಗಾಣುವನ್ನೂ ತಡೆಯುತ್ತಿತ್ತು. ಮುಂದುವರಿಸಲು ಹಣವಿಲ್ಲ, ಹೆಚ್ಚು ಜನ ಓದದ ಸ್ಥಳೀಯ ಪ್ರಕಟಣೆಯೊಂದರಲ್ಲಿ ಅಚ್ಚು ಹಾಕಿಸಿ ಸುಮ್ಮನಾದರು. ಪರಿಚಯದ ಬ್ರಿಟಿಷ್ ಆರೋಗ್ಯಾಧಿಕಾರಿಯೊಬ್ಬರ ಮೂಲಕ ಬೂಷ್ಟು ಆಕ್ಸ್‌ಫರ್ಡ್ ತಲುಪಿತು. ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ಸೆಫಲೋಸ್ಪೋರಿನ್ ಸಿ ತೆಗೆದರು. ಆದರೆ ಔಷಧ ಮಾಡುವುದಕ್ಕೆ ಮಿಲಿಗ್ರಾಂ ಸಾಲದು. ಕ್ಲೀವ್‌ಡನ್‌ನ ಸರ್ಕಾರಿ ಕೇಂದ್ರ ಬೂಷ್ಟನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಬೇಕಾಯಿತು, ಪೇಟೆಂಟ್ ಹಿಡಿದಿದ್ದ ನಿಗಮ ಗ್ಲ್ಯಾಕ್ಸೊ ಮತ್ತು ಎಲೈ ಲಿಲ್ಲಿ ಕಂಪನಿಗಳನ್ನು ಒಪ್ಪಿಸಬೇಕಾಯಿತು. ಲಿಲ್ಲಿಯ ಔಷಧ ಪೇಟೆಗೆ ಬಂದಾಗ 1964. ಹತ್ತೊಂಬತ್ತು ವರ್ಷ! ಈ ವರ್ಷಗಳ ಬಗ್ಗೆ ನಮ್ಮ ಪ್ರಬಂಧಗಳಲ್ಲಿ ಎಷ್ಟು ಪುಟವಿದೆ?

ಅದೇ ನಿಗಮಕ್ಕೆ ಅಂಟಿದ ಅಪಕೀರ್ತಿಯೂ ಗೊತ್ತಲ್ಲ. ಕೇಂಬ್ರಿಜ್‌ನಲ್ಲಿ ಮಿಲ್‌ಸ್ಟೈನ್ ಮತ್ತು ಕೋಲರ್ ಮೊನೊಕ್ಲೋನಲ್ ಆ್ಯಂಟಿಬಾಡಿ ತಯಾರಿಸುವ ದಾರಿ ಕಂಡುಕೊಂಡರು. ಇದರಿಂದ ತಕ್ಷಣದ ಪ್ರಯೋಜನ ಕಾಣುತ್ತಿಲ್ಲ ಎಂಬ ಧಾಟಿಯಲ್ಲಿ ನಿಗಮ, ಪೇಟೆಂಟ್ ಪಡೆಯಬೇಕೇ ಎಂದು ಕೇಳಿದ್ದಕ್ಕೆ, 1976ರ ಅಕ್ಟೋಬರಿನಲ್ಲಿ ಉತ್ತರ ಬರೆಯಿತು. ಪೇಟೆಂಟ್ ಆಗಲಿಲ್ಲ. ಮಿಲ್‌ಸ್ಟೈನ್ ಲ್ಯಾಬಿನಿಂದ ಹೋದ ಕೋಶಗಳನ್ನೇ ಬಳಸಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯವರು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಪ್ರಧಾನಿ ಥ್ಯಾಚರ್ ಕೆಂಡವಾದರು.

ಎಲ್ಲರೂ ಆ ಕಾಗದವನ್ನು ಬೈಯುತ್ತಾರೆ, ತಾರೀಕು ನೋಡುವವರಿಲ್ಲ. ನೇಚರ್ ಪತ್ರಿಕೆಯಲ್ಲಿ ಆ ವಿಧಾನದ ಲೇಖನ ಬಂದದ್ದು 1975ರ ಆಗಸ್ಟ್‌ನಲ್ಲಿ. ಪ್ರಕಟವಾದ ಮೇಲೆ ಬ್ರಿಟನ್ನಿನಲ್ಲಿ ಆ ವಿಧಾನಕ್ಕೆ ಪೇಟೆಂಟ್ ಕೇಳುವಂತಿರಲಿಲ್ಲ. ಕಾಗದ ಬರುವಷ್ಟರಲ್ಲಿ ಬಸ್ಸು ಹೋಗಿ ವರ್ಷ ದಾಟಿತ್ತು.

ಇಂಥ ಕಾಗದ ನಮ್ಮಲ್ಲೂ ಹೊರಟಿದೆ. ನಾನು ಪೇಟೆಂಟ್ ಸಮಿತಿಯೊಂದರಲ್ಲಿದ್ದಾಗ ಯುವ ಸಂಶೋಧಕಿಯೊಬ್ಬರ ಅರ್ಜಿ ಬಂತು. 'ಕೈಗಾರಿಕಾ ಉಪಯೋಗ' ಎಂಬ ಕಲಂನಲ್ಲಿ ಪೆನ್ಸಿಲಿನಲ್ಲಿ 'ಸದ್ಯಕ್ಕೆ ಗೊತ್ತಿಲ್ಲ' ಎಂದು ಬರೆದಿದ್ದರು. ಕಾರ್ಯದರ್ಶಿಗಳು ಅದರ ಸುತ್ತ ಕೆಂಪು ಗೆರೆ ಎಳೆದು ಫೈಲು ವಾಪಸ್ ಕಳಿಸಿದರು. ಆ ಕಲಂ ಇರುವ ಫಾರಂ ಇಂದಿಗೂ ಚಲಾವಣೆಯಲ್ಲಿದೆ ಎಂದು ಕೇಳಿದ್ದೇನೆ. ಅಧ್ಯಕ್ಷರು ನಗುತ್ತಿದ್ದಾರೆ, ಅವರಿಗೆ ಗೊತ್ತು.

ನನ್ನನ್ನು ಬಿಡದ ಪ್ರಶ್ನೆ ಬೇರೆ. 1975ರಲ್ಲೇ ಪೇಟೆಂಟ್ ಆಗಿದ್ದರೆ ಮಿಲ್‌ಸ್ಟೈನ್ ಆ ಕೋಶಗಳನ್ನು ಕೇಳಿದವರಿಗೆಲ್ಲ ಅಷ್ಟು ಧಾರಾಳವಾಗಿ ಕಳಿಸುತ್ತಿದ್ದರೇ? ಕಳಿಸದಿದ್ದರೆ ಆ ವಿದ್ಯೆ ಅಷ್ಟು ಬೇಗ ಹಬ್ಬುತ್ತಿತ್ತೇ? ನಷ್ಟ ಬ್ರಿಟನ್ನಿನದು ಅನ್ನುವುದಾದರೆ ಲಾಭ ಯಾರದು, ರೋಗಿಯದೋ ಕಂಪನಿಯದೋ? ಹಾಗಾದರೆ ಪೇಟೆಂಟ್ ಬೇಡ ಅನ್ನೋಣವೆಂದರೆ ಸೆಫಲೋಸ್ಪೋರಿನ್ ಅಡ್ಡ ಬರುತ್ತದೆ. ಪೇಟೆಂಟ್ ಇಲ್ಲದೆ ಅಷ್ಟು ವರ್ಷ ಹಣ ಹಾಕುವ ಕಂಪನಿ ಎಲ್ಲಿತ್ತು?

ನಿಗಮ 1981ರಲ್ಲಿ ಬ್ರಿಟಿಷ್ ಟೆಕ್ನಾಲಜಿ ಗ್ರೂಪ್ ಆಯಿತು, 1992ರಲ್ಲಿ ಖಾಸಗಿಯಾಯಿತು. ಕೊನೆಗೆ ತಾನೇ ಔಷಧ, ಉಪಕರಣ ಮಾರುವ ಕಂಪನಿಯಾಗಿ, 2019ರಲ್ಲಿ ಬೋಸ್ಟನ್ ಸೈಂಟಿಫಿಕ್‌ ಪಾಲಾಯಿತು. ಹೊಟ್ಟೆಯುರಿಯಿಂದ ಹುಟ್ಟಿದ್ದು ಕಡೆಗೆ ಅಮೆರಿಕಕ್ಕೇ ಸೇರಿತು. ಇದನ್ನೂ ನಷ್ಟದ ಕಲಂಗೆ ಬರೆಯುತ್ತೀರಾ?

ದೆಹಲಿಯ ನಿಗಮದ ಮೇಲೆ ಕೆಲಸ ಮಾಡುವ ಯುವಕರು ಇಲ್ಲಿದ್ದರೆ ಒಂದು ವಿನಂತಿ. ಯಶಸ್ಸಿನ ಪಟ್ಟಿ ಆಮೇಲೆ ನೋಡಿ, ವಾಪಸ್ ಕಳಿಸಿದ ಅರ್ಜಿಗಳ ಕಟ್ಟು ಸಿಕ್ಕರೆ ಮೊದಲು ಅದನ್ನು ಬಿಚ್ಚಿ, ತಾರೀಕುಗಳನ್ನು ಬರೆದುಕೊಳ್ಳಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇರುತ್ತೇನೆ, ಜಗಳಕ್ಕೆ ಬನ್ನಿ.