ರಷ್ಯನ್ ಕಲಿಯಲೇ, ಸ್ಪ್ಯಾನಿಷ್ ಕಲಿಯಲೇ?

ಅರುವತ್ತೆಂಟು ತುಂಬಿದವನೊಬ್ಬ ಹೊಸ ಭಾಷೆ ಕಲಿಯುತ್ತೇನೆಂದು ಹೊರಟರೆ ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ ‘ಯಾವ ಭಾಷೆ?’ ಎಂದಲ್ಲ, ‘ಯಾಕೆ?’ ಎಂದು. ಈ ವಯಸ್ಸಿನಲ್ಲಿ ಮನೆ ಕಟ್ಟಿಸಹೊರಟರೆ ಯಾರೂ ಹಾಗೆ ಕೇಳುವುದಿಲ್ಲ. ಕಾಶಿಗೆ ಹೊರಟರಂತೂ ಕೈಮುಗಿದು ಕಳುಹಿಸಿಕೊಡುತ್ತಾರೆ. ಭಾಷೆಯೆಂಬುದು ಮಾತ್ರ ಎಳೆಯರ ಸೊತ್ತು, ಅದರಿಂದ ಸಂಪಾದನೆಯಾಗಬೇಕು, ಇಲ್ಲದಿದ್ದರೆ ಅದು ಕಾಲಹರಣ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾಗದೆ ಕೆಲವು ತಿಂಗಳು ತಡವರಿಸಿದೆ. ಆ ತಡವರಿಕೆಯ ಕಥೆಯನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನನ್ನ ಮೇಜಿನ ಮೇಲೆ ಎರಡು ಪಠ್ಯಪುಸ್ತಕಗಳಿದ್ದವು. ಒಂದು ರಷ್ಯನ್, ಇನ್ನೊಂದು ಸ್ಪ್ಯಾನಿಷ್. ಎರಡನೆಯದನ್ನು ತಂದುಕೊಟ್ಟವಳು ನನ್ನ ಮೊಮ್ಮಗಳು. ಹತ್ತೊಂಬತ್ತು ವರ್ಷದ ಹುಡುಗಿ. ಕಾಲೇಜಿನ ಜೊತೆಗೆ ಸ್ಪ್ಯಾನಿಷ್ ತರಗತಿಗೂ ಸೇರಿದ್ದಳು. “ತಾತ, ನೀನೂ ಬಾ. ಇಬ್ಬರೂ ಜೊತೆಗೆ ಕಲಿಯೋಣ. ನನಗೆ ಮಾತಾಡೋಕೆ ಒಬ್ಬರು ಬೇಕು” ಎಂದಳು. ಅವಳು ನನ್ನನ್ನು ‘ನೀನು’ ಎನ್ನುತ್ತಾಳೆ. ನಾನು ನನ್ನ ತಾತನನ್ನು ‘ನೀವು’ ಎನ್ನುತ್ತಿದ್ದೆ. ಈ ಎರಡು ಸರ್ವನಾಮಗಳ ನಡುವೆ ಎರಡು ತಲೆಮಾರುಗಳು ಹರಿದುಹೋಗಿವೆ. ಇದನ್ನು ನೆನಪಿನಲ್ಲಿಟ್ಟಿರಿ, ಮುಂದೆ ಮತ್ತೆ ಈ ಮಾತು ಬರುತ್ತದೆ.

ಮೊದಲು ಸ್ಪ್ಯಾನಿಷಿನ ಪರವಾದ ವಾದವನ್ನು ಕೇಳೋಣ. ಜಗತ್ತಿನ ಇಪ್ಪತ್ತು ಸ್ವತಂತ್ರ ರಾಷ್ಟ್ರಗಳಲ್ಲಿ ಅದು ಆಡಳಿತಭಾಷೆ. ನಲವತ್ತೆಂಟು ಕೋಟಿಗೂ ಮಿಕ್ಕ ಜನರ ತಾಯ್ನುಡಿ. ಬರೆದಂತೆ ಓದುವ, ಓದಿದಂತೆ ಬರೆಯುವ ಸುಖ ಅದರಲ್ಲಿ ಬಹುಮಟ್ಟಿಗೆ ಉಂಟು. ಸ್ವರಗಳು ಐದೇ. ಅದರ ತಕಾರ ದಕಾರಗಳು ಇಂಗ್ಲಿಷಿನವುಗಳಂತಲ್ಲ. ನಮ್ಮವುಗಳಂತೆ ಹಲ್ಲಿಗೆ ತಾಗಿ ಹುಟ್ಟುವಂಥವು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಞ’ ಎಂಬ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸ. ಅಷ್ಟೇ ಅಲ್ಲ, ನಾವು ಕಳೆದುಕೊಂಡ ಒಂದು ವಸ್ತು ನನಗೆ ಅಲ್ಲಿ ಸಿಕ್ಕಿತು. ಹಳಗನ್ನಡದಲ್ಲಿ ‘ಕರೆ’ ಎಂದರೆ ಕೂಗು, ಶಕಟರೇಫದ ‘ಕಱೆ’ ಎಂದರೆ ಹಾಲು ಹಿಂಡು. ಆ ಭೇದವನ್ನು ನಾವು ಎಂದೋ ಮರೆತೆವು. ಸ್ಪ್ಯಾನಿಷಿನಲ್ಲಿ ಎರಡು ರಕಾರಗಳು ಇಂದಿಗೂ ಜೀವಂತ. ‘ಪೆರೊ’ ಎಂದು ಮೆಲ್ಲಗೆ ನುಡಿದರೆ ‘ಆದರೆ’ ಎಂದರ್ಥ. ರಕಾರವನ್ನು ನಾಲಗೆಯ ಮೇಲೆ ಉರುಳಿಸಿದರೆ ಅದು ‘ನಾಯಿ’. ಮೂವತ್ತು ವರ್ಷ ಶಕಟರೇಫವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದವನು, ಹತ್ತೊಂಬತ್ತರ ಹುಡುಗಿಯ ಬಾಯಿಂದ ಅದನ್ನು ಮೊದಲ ಬಾರಿ ಕಿವಿಯಾರ ಕೇಳಿದಂತಾಯಿತು.

ಸಾಹಿತ್ಯದ ಮಾತಿಗೆ ಬಂದರೆ ಅಲ್ಲಿ ಸರ್ವಾಂಟಿಸ್ ಇದ್ದಾನೆ. 1605ರಲ್ಲೂ 1615ರಲ್ಲೂ ಎರಡು ಭಾಗಗಳಾಗಿ ಬಂದ ‘ಡಾನ್ ಕ್ವಿಕ್ಸೋಟ್’ ತಾನೇ ಒಂದು ಅನುವಾದವೆಂದು ನಟಿಸುವ ಕೃತಿ. ಅರಬ್ಬೀ ಚರಿತ್ರಕಾರನೊಬ್ಬನ ಬರವಣಿಗೆಯನ್ನು ಭಾಷಾಂತರಿಸಲಾಗಿದೆಯೆಂದು ಸರ್ವಾಂಟಿಸ್ ನಗುತ್ತ ಹೇಳುತ್ತಾನೆ. ನೆರೂಡ ಇದ್ದಾನೆ, ಗಾರ್ಸಿಯಾ ಮಾರ್ಕ್ವೆಜ್ ಇದ್ದಾನೆ. ನಮ್ಮ ನಾಡಿಗೂ ಆ ಭಾಷೆಗೂ ಋಣಾನುಬಂಧವಿಲ್ಲದಿಲ್ಲ. ರವೀಂದ್ರರನ್ನು ಸ್ಪ್ಯಾನಿಷಿಗೆ ತಂದವರು ಸೆನೋಬಿಯಾ ಕಾಂಪ್ರುಬಿ ಮತ್ತು ಹುವಾನ್ ರಮೋನ್ ಹಿಮೆನೆಸ್ ದಂಪತಿಗಳು. ಅವರ ಮೊದಲ ಅನುವಾದ 1915ರಲ್ಲಿ ಪ್ರಕಟವಾಯಿತು. ಮೆಕ್ಸಿಕೋದ ಕವಿ ಆಕ್ಟೇವಿಯೋ ಪಾಜ್ 1962ರಿಂದ 1968ರವರೆಗೆ ದೆಹಲಿಯಲ್ಲಿ ತನ್ನ ದೇಶದ ರಾಯಭಾರಿಯಾಗಿದ್ದ. ಕರಾವಳಿಯ ಅಡುಗೆಮನೆಯ ‘ಬಟಾಟೆ’ ಎಂಬ ಹೆಸರು ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದದ್ದಾದರೂ, ಅದರ ಹುಟ್ಟು ಸ್ಪೇನಿನವರು ಕಾಲಿಟ್ಟ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ನುಡಿಯಲ್ಲಿ.

ಇನ್ನು ರಷ್ಯನ್. ಅದರ ಮೂವತ್ತಮೂರು ಅಕ್ಷರಗಳನ್ನು ಕಂಡು ಹೆದರುವವರಿದ್ದಾರೆ. ಐವತ್ತು ಅಕ್ಷರಗಳನ್ನೂ ಅವುಗಳ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಐದನೆಯ ವಯಸ್ಸಿನಲ್ಲೇ ಜೀರ್ಣಿಸಿಕೊಂಡ ಕನ್ನಡಿಗನಿಗೆ ಅದು ಒಂದು ವಾರದ ಕೆಲಸ. ತೊಡಕಿರುವುದು ಬೇರೆ ಕಡೆ. ಪದದ ಯಾವ ಸ್ವರಕ್ಕೆ ಒತ್ತು ಬೀಳುತ್ತದೆಂದು ಹೇಳುವ ಸುಲಭ ನಿಯಮವಿಲ್ಲ. ‘ಜಮಕ್’ ಎಂಬಂತಹ ಪದದಲ್ಲಿ ಒತ್ತು ಮೊದಲ ಸ್ವರದ ಮೇಲಿದ್ದರೆ ಕೋಟೆ, ಎರಡನೆಯದರ ಮೇಲಿದ್ದರೆ ಬೀಗ! ಒತ್ತಿಲ್ಲದ ಓಕಾರ ಅಕಾರದತ್ತ ಜಾರಿಬಿಡುತ್ತದೆ. ನಾಮಪದಗಳಿಗೆ ಆರು ವಿಭಕ್ತಿಗಳು. ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗಾಗಿ ಹಾಕಿರುವ ಲೆಕ್ಕದ ಪ್ರಕಾರ ಸ್ಪ್ಯಾನಿಷಿಗೆ 600ರಿಂದ 750 ತರಗತಿ ಗಂಟೆಗಳು ಸಾಕು. ರಷ್ಯನ್ನಿಗೆ ಸುಮಾರು 1100 ಬೇಕು. ದಿನಕ್ಕೊಂದು ಗಂಟೆಯಂತೆ ಕುಳಿತರೆ ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಮೂರು. ಇಪ್ಪತ್ತರ ಹರೆಯದಲ್ಲಿ ಈ ಒಂದು ವರ್ಷದ ಅಂತರ ಏನೂ ಅಲ್ಲ. ಅರುವತ್ತೆಂಟರಲ್ಲಿ ಅದು ಯೋಚಿಸತಕ್ಕ ಸಂಗತಿ.

ಆದರೆ ಆ ಲೆಕ್ಕ ಇಂಗ್ಲಿಷ್ ತಾಯ್ನುಡಿಯವರದು, ನಮ್ಮದಲ್ಲ. ಕನ್ನಡದಲ್ಲಿ ‘ಅವನು ವೈದ್ಯ’ ಎನ್ನುತ್ತೇವೆ; ನಡುವೆ ‘ಇದ್ದಾನೆ’ ಎಂಬ ಕ್ರಿಯಾಪದ ಬೇಕಿಲ್ಲ. ರಷ್ಯನ್ನಿನಲ್ಲಿಯೂ ಅಷ್ಟೆ: ‘ಓನ್ ವ್ರಾಚ್’. ‘ನನಗೆ ಚಳಿ’ ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಅವರೂ ಚತುರ್ಥಿಯಲ್ಲೇ ಹೇಳುತ್ತಾರೆ. ‘ನನ್ನ ಬಳಿ ಪುಸ್ತಕವಿದೆ’ ಎಂಬಂತೆಯೇ ಅವರ ವಾಕ್ಯವೂ ಹೊರಡುತ್ತದೆ. ‘ಓದುತ್ತಿದ್ದೆ’ ಎಂಬುದಕ್ಕೂ ‘ಓದಿ ಮುಗಿಸಿದೆ’ ಎಂಬುದಕ್ಕೂ ಇರುವ ವ್ಯತ್ಯಾಸಕ್ಕಾಗಿ ಅವರ ಕ್ರಿಯಾಪದಗಳು ಜೋಡಿಜೋಡಿಯಾಗಿ ನಿಂತಿವೆ. ಸಂಸ್ಕೃತದ ಪರಿಚಯವಿದ್ದವರಿಗೆ ಇನ್ನೂ ಕೆಲವು ಹಳೆಯ ಮುಖಗಳು ಕಾಣಿಸುತ್ತವೆ: ಅಗ್ನಿಗೆ ‘ಓಗೊನ್’, ಭ್ರಾತೃವಿಗೆ ‘ಬ್ರಾತ್’, ಹಿಮದ ಸೋದರಿ ‘ಜೀಮಾ’ ಎಂದರೆ ಚಳಿಗಾಲ. ನ್ಯಾಯವಾಗಿ ಹೇಳಬೇಕಾದರೆ ಸ್ಪ್ಯಾನಿಷಿನಲ್ಲೂ ‘ನನಗೆ ಇಷ್ಟ’ ಎಂಬುದು ಚತುರ್ಥಿಯದೇ ದಾರಿ, ಅಲ್ಲಿಯೂ ನವ, ದಶಗಳ ಸೋದರರಿದ್ದಾರೆ.

ರಷ್ಯನ್ನಿಗೂ ನಮ್ಮ ನೆಲಕ್ಕೂ ಇರುವ ನಂಟು ಇನ್ನೂ ಹಳೆಯದು. ತ್ವೆರ್ ನಗರದ ವರ್ತಕ ಅಫನಾಸಿ ನಿಕಿತಿನ್ ದಾರಿಯಲ್ಲಿ ಸರಕನ್ನು ಕಳ್ಳರಿಗೆ ಒಪ್ಪಿಸಿ, ಒಂದು ಕುದುರೆಯೊಡನೆ ಸಮುದ್ರ ದಾಟಿ, 1470ರ ಆಸುಪಾಸಿನಲ್ಲಿ ಬಹಮನಿಗಳ ರಾಜಧಾನಿಯಾದ ನಮ್ಮ ಬೀದರಿಗೆ ಬಂದ. ಅಲ್ಲಿಯ ಸಂತೆ, ಸುಲ್ತಾನನ ಸವಾರಿ, ಜನರ ಊಟ ಉಡುಗೆಗಳನ್ನು ಬರೆದಿಟ್ಟ. ತಾನು ಕ್ರೈಸ್ತನೆಂದು ಹೇಳಿದ ಮೇಲೆ ಊರಿನ ಹಿಂದೂಗಳು ತನ್ನೆದುರು ಏನನ್ನೂ ಮುಚ್ಚಿಡಲಿಲ್ಲವೆಂದು ಬರೆದ. ಅವನ ಬರಹದ ನಡುನಡುವೆ ತುರ್ಕಿ, ಪಾರಸಿ, ಅರಬ್ಬೀ ಮಾತುಗಳು ಬೆರೆತುಕೊಂಡಿವೆ. ಕೊನೆಯ ಪ್ರಾರ್ಥನೆ ಕೂಡ ಅವನ ತಾಯ್ನುಡಿಯಲ್ಲಿಲ್ಲ. ಹಿಂದಿರುಗುವಾಗ ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಬಳಿ ತೀರಿಕೊಂಡ. ಭಾಷೆ ಕಲಿತವನು ಹೊರಟ ಊರಿಗೆ ಹೊರಟಾಗಿದ್ದವನಾಗಿಯೇ ಮರಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

‘ಈಗ ಆ ದೇಶದ ಭಾಷೆ ಯಾಕೆ?’ ಎಂದು ಹಿತೈಷಿಯೊಬ್ಬರು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ನಡೆದ ದಾಳಿ. ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಭಾಷೆ ಯಾವ ಸರಕಾರದ ಖಾಸಗಿ ಆಸ್ತಿಯೂ ಅಲ್ಲ. ಗೊಗೊಲ್ ಹುಟ್ಟಿದ್ದು ಉಕ್ರೇನಿನಲ್ಲಿ. 2015ರಲ್ಲಿ ನೊಬೆಲ್ ಪಡೆದ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಬೆಲರೂಸಿನವರು. ಯುದ್ಧದ ಸಂಕಟವನ್ನು ಅವರು ಬರೆದದ್ದು ರಷ್ಯನ್ನಿನಲ್ಲೇ. ಸ್ಪ್ಯಾನಿಷ್ ಕೂಡ 1492ರಿಂದ ಮುಂದೆ ಕಡಲು ದಾಟಿದ್ದು ಕತ್ತಿಯ ಜೊತೆಗೇ ಅಲ್ಲವೆ? ಕೈತೊಳೆದುಕೊಂಡ ಭಾಷೆಯನ್ನೇ ಕಲಿಯುತ್ತೇನೆಂದರೆ ಮೂಕನಾಗಿರಬೇಕಾದೀತು.

ಇಷ್ಟೆಲ್ಲ ತೂಗಿ ನೋಡಿದರೂ ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಅದು ವಾಲಿದ್ದು ಬೇರೊಂದು ತೂಕದಿಂದ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1982ರ ಸುಮಾರಿಗೆ, ಚೆಕೊವ್ ಬರೆದ ನಾಯಿಯೊಡನೆ ತಿರುಗಾಡುವ ಮಹಿಳೆಯ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. 1899ರಲ್ಲಿ ಪ್ರಕಟವಾದ ಕಥೆ ಅದು. ಆ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ನಮ್ಮ ಊರುಗಳಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುತ್ತಿದ್ದವು. ಅನುವಾದ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂತು. ಸಸ್ಯಶಾಸ್ತ್ರ ಹೇಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಎರಡು ಸಲ ಓದಿ ನನ್ನ ಬಳಿ ಬಂದರು. “ಅಲ್ಲಯ್ಯಾ, ಆ ಹೆಣ್ಣುಮಗಳು ಗಂಡನನ್ನು ಬಿಟ್ಟು ಯಾಲ್ಟಾಕ್ಕೆ ಬಂದವಳು. ಅವನ ಪರಿಚಯವಾಗಿ ವಾರ ಆಗಿದೆ. ಅಷ್ಟು ಬೇಗ ಅವನನ್ನ ‘ನೀನು’ ಅಂದುಬಿಡ್ತಾಳಾ?” ಎಂದು ಕೇಳಿದರು.

ಇಂಗ್ಲಿಷಿನಲ್ಲಿ ‘ನೀನು’ ‘ನೀವು’ ಎರಡಕ್ಕೂ ಒಂದೇ ಪದ. ಎಲ್ಲಿ ಯಾವುದನ್ನು ಹಾಕಬೇಕೆಂಬುದನ್ನು ನಾನು ಊಹಿಸಿ ಬರೆದಿದ್ದೆ. ರಷ್ಯನ್ನಿನಲ್ಲಿ ನಮ್ಮಂತೆಯೇ ಎರಡು ಪದಗಳುಂಟೆಂಬುದು ನನಗೆ ಗೊತ್ತಿತ್ತು. ಚೆಕೊವ್ ಯಾವುದನ್ನು ಬಳಸಿದ್ದಾನೆಂಬುದು ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಎನ್ನಬಹುದಿತ್ತು. ಇಪ್ಪತ್ತಾರರ ಬಿಂಕ ಬಿಡಲಿಲ್ಲ. “ಮೂಲದಲ್ಲಿ ಹಾಗೇ ಇದೆ ಸಾರ್” ಎಂದೆ. ಅವರು ನನ್ನ ಮಾತನ್ನು ನಂಬಿದರು. “ಮೂಲದಲ್ಲಿದ್ದರೆ ಸರಿಯೇ” ಎಂದು ಹೊರಟುಹೋದರು. ಅವರು ತೀರಿಕೊಂಡು ಈಗ ಹನ್ನೊಂದು ವರ್ಷ. ಆ ಸುಳ್ಳು ಚಿಕ್ಕದು. ಅದರಿಂದ ಯಾರ ಮನೆಯೂ ಮುರಿಯಲಿಲ್ಲ. ಆದರೂ ಕಾಲಿನಲ್ಲಿ ಉಳಿದ ಮುಳ್ಳಿನಂತೆ ಅದು ನನ್ನೊಳಗೇ ಇತ್ತು.

ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳ ಮುಖ ಸ್ವಲ್ಪ ಸಪ್ಪಗಾಯಿತು. “ಹಾಗಾದರೆ ನೀನು ರಷ್ಯನ್ನೇ ಕಲಿ ತಾತ. ನನಗೆ ಮಾತಾಡೋಕೆ ಬೇರೆ ಯಾರಾದರೂ ಸಿಗ್ತಾರೆ” ಎಂದಳು. ಅವಳ ಜೊತೆ ಕುಳಿತು ಕಲಿಯುವ ಸಂಜೆಗಳನ್ನು ನಾನು ಬಿಟ್ಟುಕೊಟ್ಟೆ. ಅದು ಸಣ್ಣ ನಷ್ಟವೆಂದು ಹೇಳಲಾರೆ.

ಹದಿನಾಲ್ಕು ತಿಂಗಳು ಬೆಳಗಿನ ಒಂದು ಗಂಟೆಯನ್ನು ರಷ್ಯನ್ನಿಗೆ ಮೀಸಲಿಟ್ಟೆ. ಬಳಿಕ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಆ ಕಥೆಯ ಮೂಲವನ್ನು ತೆರೆದೆ. ದಿನಕ್ಕೆ ಅರ್ಧ ಪುಟ ಸಾಗಿದರೆ ಹೆಚ್ಚು. ಯಾಲ್ಟಾದ ಹೋಟೆಲಿನ ಕೋಣೆಯ ಭಾಗ ಬಂದಾಗ ಕೈ ನಡುಗಿತೆಂದರೆ ಉತ್ಪ್ರೇಕ್ಷೆಯಲ್ಲ. ಅಲ್ಲಿ ಗುರೊವ್ ಆಕೆಯನ್ನು ‘ನೀನು’ ಎನ್ನುತ್ತಾನೆ. ಅನ್ನಾ ಸೆರ್ಗೇಯೆವ್ನಾ ಅವನನ್ನು ‘ನೀವು’ ಎಂದೇ ಮಾತನಾಡಿಸುತ್ತಾಳೆ. ಒಂದೇ ಕೋಣೆಯಲ್ಲಿ ಇಬ್ಬರ ನಡುವೆ ಎಷ್ಟು ದೂರವಿದೆಯೆಂಬುದನ್ನು ಚೆಕೊವ್ ಎರಡು ಸರ್ವನಾಮಗಳಲ್ಲಿ ಅಳೆದಿದ್ದಾನೆ. ಮುಂದೆ ಆಕೆಯ ಊರಿನ ರಂಗಮಂದಿರದಲ್ಲಿ ಅವಳನ್ನು ಹುಡುಕಿಕೊಂಡು ಹೋದಾಗ ಅವನೂ ಅಂಗಲಾಚುತ್ತ ‘ನೀವು’ ಎನ್ನುತ್ತಾನೆ. ಪ್ರೇಮ ಅವನಿಗೆ ಮರ್ಯಾದೆಯನ್ನು ಕಲಿಸಿದೆ! ಕೊನೆಯ ಭಾಗದಲ್ಲಿ, ಮಾಸ್ಕೋದ ಹೋಟೆಲಿನಲ್ಲಿ, ಅಳು ತಡೆಯಲಾರದೆ ಅವಳು ಅವನಿಗೆ ತಾಳಲು ಹೇಳುತ್ತಾಳೆ. ಆ ಕ್ರಿಯಾಪದದ ರೂಪ ‘ತಾಳಿ’ ಎಂದಲ್ಲ, ‘ತಾಳು’ ಎಂದು. ಇಂಗ್ಲಿಷಿನ ಕನ್ನಡಿಯಲ್ಲಿ ಇದು ಕಾಣುವುದು ಸಾಧ್ಯವೇ ಇಲ್ಲ. ಕನ್ನಡದಲ್ಲಾದರೋ ಒಂದು ಉಕಾರ ಇಕಾರದಲ್ಲಿ ಹಾಗೆಯೇ ಇಳಿದು ಬರುತ್ತದೆ.

ನನ್ನ ಹಿರಿಯ ಮಿತ್ರರು ರಷ್ಯನ್ ಒಂದಕ್ಷರ ತಿಳಿಯದೆ, ಕನ್ನಡದ ಕಿವಿಯೊಂದರಿಂದಲೇ ಸತ್ಯವನ್ನು ಹಿಡಿದಿದ್ದರು. ತಪ್ಪಿದ್ದವನು ನಾನು.

ಕಥೆಯನ್ನು ಮೊದಲಿನಿಂದ ತಿದ್ದಿ ಬರೆದೆ. ತೋರಿಸಬೇಕಾದವರು ಇಲ್ಲ. ಮೊಮ್ಮಗಳು ಓದಿ, ಸ್ಪ್ಯಾನಿಷಿನಲ್ಲೂ ‘ತು’, ‘ಉಸ್ತೆದ್’ ಎಂದು ಎರಡಿವೆಯಲ್ಲ, ಅಲ್ಲಿಯ ಅನುವಾದಕರು ಏನು ಮಾಡಿರಬಹುದೆಂದು ಹುಡುಕಲು ಹೊರಟಿದ್ದಾಳೆ. ಸರ್ವಾಂಟಿಸನನ್ನು ಮೂಲದಲ್ಲಿ ಓದುವ ಭಾಗ್ಯ ನನಗೆ ಈ ಜನ್ಮಕ್ಕಿಲ್ಲ. ಅವಳು ಓದಿ ಹೇಳಿದಷ್ಟು ನನ್ನದು.

ಯಾವ ಭಾಷೆ ಕಲಿಯಲಿ ಎಂದು ಯೋಚಿಸುತ್ತಿರುವ ಶ್ರೋತೃಗಳು ನಿಮ್ಮಲ್ಲಿದ್ದರೆ ನಾನು ಹೇಳಬೇಕಾದ್ದು ಇಷ್ಟೆ. ಎಷ್ಟು ಕೋಟಿ ಜನ ಆಡುತ್ತಾರೆ, ಎಷ್ಟು ಗಂಟೆ ಹಿಡಿಯುತ್ತದೆ ಎಂಬ ಲೆಕ್ಕವನ್ನು ಅಗತ್ಯವಾಗಿ ಹಾಕಿರಿ. ಎರಡೂ ಸಮವೆನಿಸಿದರೆ, ಯಾವ ಭಾಷೆಯ ಯಾವ ಪುಸ್ತಕಕ್ಕೆ ನೀವು ಋಣಿಯಾಗಿದ್ದೀರೆಂದು ಕೇಳಿಕೊಳ್ಳಿರಿ. ಸಾಲಗಾರನಿಗೆ ದಾರಿಯ ವಿಷಯದಲ್ಲಿ ಅನುಮಾನ ಇರುವುದಿಲ್ಲ.